ಆರು ಮಂದಿ ಶಿಷ್ಯರಿಂದ ಎಪ್ಪತ್ತೆರಡು ಲಕ್ಷದವರೆಗೆ

ಶಾಲೆಯ ಹಾಜರಿ ಪುಸ್ತಕವನ್ನು ಕೇವಲ ಹೆಸರುಗಳ ಪಟ್ಟಿಯೆಂದು ಎಣಿಸುವವರುಂಟು. ಬಹುಕಾಲ ಅದನ್ನು ಬರೆದ ನನಗಾದರೋ ಅದು ಊರಿನ ಸುಖದುಃಖಗಳ ಚರಿತ್ರೆಯಾಗಿಯೇ ತೋರಿದೆ. ಮಳೆ ಹೋದ ವರ್ಷ ಯಾವ ಮನೆಯ ಬಾಲಕನು ಓದು ಬಿಟ್ಟನೆಂಬುದು ಅದರಲ್ಲಿ ಕಾಣುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ‘ಕಮ್ಯುನಿಟಿ ಕಾಲೇಜು’ಗಳ ವಿದ್ಯಾರ್ಥಿಗಣತಿಯನ್ನೂ ಇದೇ ದೃಷ್ಟಿಯಿಂದ ನೋಡತಕ್ಕದ್ದು. ಪ್ರೌಢಶಾಲೆಯನ್ನು ಮುಗಿಸಿದ ಯಾರನ್ನಾದರೂ ಅಲ್ಪಶುಲ್ಕದಿಂದ ಸೇರಿಸಿಕೊಂಡು, ಸುಮಾರು ಎರಡು ವರ್ಷಗಳ ಉಚ್ಚಶಿಕ್ಷಣವನ್ನೋ ಕಸಬಿನ ಶಿಕ್ಷಣವನ್ನೋ ಸ್ವಸ್ಥಳದಲ್ಲಿಯೇ ಕೊಡುವ ಸಂಸ್ಥೆಗಳಿವು.

1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ನಗರದ ಪ್ರೌಢಶಾಲೆಯ ಮುಖ್ಯಾಧಿಕಾರಿಗಳಾದ ಜೆ. ಸ್ಟ್ಯಾನ್ಲಿ ಬ್ರೌನ್ ಎಂಬವರೂ ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರರೂ ಕೂಡಿ ಇದಕ್ಕೆ ಬೀಜಾವಾಪ ಮಾಡಿದರು. ಊರು ಬಿಡದೆ ಮುಂದಿನ ಓದನ್ನು ಬಯಸಿದವರಿಗಾಗಿ ತೆರೆದ ಆ ತರಗತಿಗೆ ಮೊದಲು ಬಂದವರು 6 ಮಂದಿ ಮಾತ್ರ.

ದ್ವಿತೀಯ ಮಹಾಯುದ್ಧದಿಂದ ಮರಳಿದ ಯೋಧರಿಗೆ 1944ರ ಶಾಸನವು ವಿದ್ಯಾವೆಚ್ಚವನ್ನು ಒದಗಿಸಿತು. ಅದರಿಂದ ಸುಮಾರು 22 ಲಕ್ಷ ಜನರು ನಾನಾ ಕಾಲೇಜುಗಳನ್ನು ಹೊಕ್ಕರು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು ಇಂತಹ ಸಂಸ್ಥೆಗಳು ದೇಶದಲ್ಲೆಲ್ಲ ಹಬ್ಬಬೇಕೆಂದು ಸೂಚಿಸಿತು. ಯುದ್ಧಾನಂತರ ಜನಿಸಿದ ಮಕ್ಕಳು ಪ್ರಾಯಕ್ಕೆ ಬಂದ 1960ರ ದಶಕದಲ್ಲಿ ಹೆಚ್ಚುಕಡಮೆ ವಾರಕ್ಕೊಂದರಂತೆ ಹೊಸ ಕಾಲೇಜುಗಳು ಹುಟ್ಟಿದವು. 1970ರಲ್ಲಿ ಸುಮಾರು 22 ಲಕ್ಷವಿದ್ದ ವಿದ್ಯಾರ್ಥಿಗಳು 1980ರ ವೇಳೆಗೆ 43 ಲಕ್ಷವಾದರು.

ಸಂಖ್ಯೆಯೊಡನೆ ವಿದ್ಯಾರ್ಥಿಗಳ ಸ್ವರೂಪವೂ ಮಾರ್ಪಟ್ಟಿತು. ಮೊದಲು ಪುರುಷರು ಅಧಿಕವಾಗಿದ್ದರು; 1970ರ ದಶಕದ ಕೊನೆಗೆ ಸ್ತ್ರೀಯರು ಅವರನ್ನು ಮೀರಿದರು. ಈಗ ಮೂವರಲ್ಲಿ ಸುಮಾರು ಇಬ್ಬರು ಪೂರ್ಣಕಾಲ ಓದುವವರಲ್ಲ. ಹಗಲು ದುಡಿದು ಸಂಜೆ ಬರುವವರೂ, ಮಕ್ಕಳನ್ನು ಮಲಗಿಸಿ ಪುಸ್ತಕ ತೆರೆಯುವ ತಾಯಂದಿರೂ ಇವರಲ್ಲುಂಟು.

ಇಲ್ಲಿಯ ಏರಿಳಿತಕ್ಕೆ ಒಂದು ನಿಯಮವುಂಟೆಂದು ಬಹುಕಾಲ ನಂಬಲಾಗಿತ್ತು: ಉದ್ಯೋಗವು ಕ್ಷೀಣಿಸಿದರೆ ತರಗತಿ ತುಂಬುವುದು, ಉದ್ಯೋಗವು ದೊರೆತರೆ ತರಗತಿ ಬರಿದಾಗುವುದು. 2008ರ ಆರ್ಥಿಕ ವಿಪತ್ತಿನ ತರುವಾಯ, 2010ರಲ್ಲಿ, ಸಂಖ್ಯೆಯು ಸುಮಾರು 72 ಲಕ್ಷಕ್ಕೇರಿ, ಕೆಲಸಗಳು ಮರಳಿದಂತೆ ಇಳಿಯುತ್ತ ಬಂದಿತು. ಆದರೆ 2020ರ ಮಹಾಮಾರಿಯಲ್ಲಿ ಈ ನಿಯಮವೇ ಮುರಿಯಿತು. ಲಕ್ಷಾಂತರ ಜನರು ನಿರುದ್ಯೋಗಿಗಳಾದರೂ, ಆ ವರ್ಷ ವಿದ್ಯಾರ್ಥಿಗಳು ಹತ್ತರಲ್ಲೊಂದು ಪಾಲು ಕಡಮೆಯಾದರು. ಪುರುಷರ ಕುಸಿತವು ಇನ್ನೂ ಅಧಿಕ. ಕೈಯಿಂದ ಮಾಡಿ ಕಲಿಯಬೇಕಾದ ಕಸಬನ್ನು ಮನೆಯಲ್ಲಿ ಕುಳಿತು ಕಲಿಯುವುದೆಂತು?

2023ರಿಂದ ಸಂಖ್ಯೆಯು ಮತ್ತೆ ಚೇತರಿಸಿದೆ. ಇದರಿಂದ ಸಂತೋಷಪಡುವ ಮುನ್ನ, ಬಂದವರಾರೆಂಬುದನ್ನು ವಿಚಾರಿಸಬೇಕು. ಈಗ ಐವರಲ್ಲಿ ಸುಮಾರು ಒಬ್ಬರು ಪ್ರೌಢಶಾಲೆಯಲ್ಲಿದ್ದುಕೊಂಡೇ ಕಾಲೇಜಿನ ಪಾಠವನ್ನೂ ಕೇಳುವ ಎಳೆಯರು. ಅವರು ಬರುವುದು ಒಳ್ಳೆಯದೇ. ಆದರೆ ಬಿಟ್ಟುಹೋದ ಮಧ್ಯವಯಸ್ಸಿನ ಶ್ರಮಜೀವಿಯ ಸ್ಥಾನದಲ್ಲಿ ಹದಿನಾರರ ಬಾಲಕನ ಹೆಸರು ಬಂದರೆ, ಮೊತ್ತವು ಸರಿಹೋಗುವುದೇ ಹೊರತು ನಷ್ಟವು ತುಂಬುವುದಿಲ್ಲ. ಮೇಲಾಗಿ, ಸೇರಿದವರಲ್ಲಿ ಆರು ವರ್ಷಗಳೊಳಗಾಗಿ ಪದವಿಯನ್ನೋ ಪ್ರಮಾಣಪತ್ರವನ್ನೋ ಪಡೆಯುವವರು ಅರ್ಧಕ್ಕಿಂತಲೂ ಕಡಮೆ.

ಬಾಗಿಲನ್ನು ತೆರೆದಿಡುವುದು ಮಹತ್ಕಾರ್ಯವೇ ಸರಿ. ಒಳಗೆ ಬಂದವನನ್ನು ಕಡೆಯವರೆಗೆ ಕೈಹಿಡಿದು ನಡೆಸುವುದು ಅದಕ್ಕಿಂತ ಕಷ್ಟತರವಾದುದು. ಹಾಜರಿ ಪುಸ್ತಕದ ಕೊನೆಯಲ್ಲಿ ಮೊತ್ತವನ್ನು ಬರೆಯುವ ಉಪಾಧ್ಯಾಯನು, ಹೆಸರುಗಳನ್ನು ಮತ್ತೊಮ್ಮೆ ಒಂದೊಂದಾಗಿ ಓದಿನೋಡಬೇಕು. ಆಗ ಬಾರದವರು ಯಾರೆಂಬುದು ಅವನಿಗೆ ತಿಳಿದೀತು.