ಮಕ್ಕಳ ಕಾರು ಆಸನ

ಚಲಿಸುವ ಕಾರಿನಲ್ಲಿ ಚಿಕ್ಕ ಮಕ್ಕಳನ್ನು ಅವರ ಮೈಯಳತೆಗೆ ತಕ್ಕಂತೆ ಹಿಡಿದು ಕೂರಿಸುವ ಸಾಧನ. ಆಡುಮಾತಿನಲ್ಲಿ ಕಾರ್ ಸೀಟ್, ಬೇಬಿ ಸೀಟ್. ಕಾರಿನ ಸೀಟ್ ಬೆಲ್ಟನ್ನು ರೂಪಿಸಿರುವುದು ದೊಡ್ಡವರ ಎದೆಗೂಡು ಮತ್ತು ಸೊಂಟದ ಮೂಳೆಗಳ ಮೇಲೆ ಕೂರುವಂತೆ. ಅದೇ ಬೆಲ್ಟ್ ಮಗುವಿನ ಕುತ್ತಿಗೆಗೂ ಹೊಟ್ಟೆಗೂ ಬರುತ್ತದೆ. ಮಗುವಿನ ಆಸನ ಕೊಳ್ಳುವಾಗ ಬೆಲೆ, ಬ್ರ್ಯಾಂಡುಗಳಿಗಿಂತ ಮೊದಲು ನೋಡಬೇಕಾದವು ಮೂರು: ಮಗು ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತದೆ, ಆಸನ ಅದರ ಎತ್ತರ ತೂಕಗಳಿಗೆ ಹೊಂದುತ್ತದೆಯೇ, ನಿಮ್ಮ ಕಾರಿನಲ್ಲಿ ಅಲುಗಾಡದೆ ಕೂರುತ್ತದೆಯೇ.

ಮಡಿಲು ಏಕೆ ಸಾಲದು

ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರು ಡಿಕ್ಕಿ ಹೊಡೆದು ಸುಮಾರು ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವವರ ಮೇಲೆ ಅವರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. 10 ಕೆ.ಜಿ. ತೂಕದ ಮಗುವನ್ನು ಆ ಕ್ಷಣದಲ್ಲಿ ಹಿಡಿದುಕೊಳ್ಳುವುದೆಂದರೆ 200 ಕೆ.ಜಿ. ಭಾರ ತಡೆಯುವುದು. ಅದು ಯಾವ ತಾಯಿಯ, ಯಾವ ಅಜ್ಜನ ತೋಳಿಗೂ ಆಗದ ಕೆಲಸ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಸುತ್ತಿಕೊಳ್ಳುವುದು ಇನ್ನೂ ಅಪಾಯ. ದೊಡ್ಡವರ ಮೈಭಾರವೇ ಮಗುವನ್ನು ಬೆಲ್ಟಿಗೆ ಅದುಮಿಬಿಡುತ್ತದೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆಯ ಅಂದಾಜಿನ ಪ್ರಕಾರ, ಸರಿಯಾದ ಆಸನ ಬಳಸಿದರೆ ಕಾರಿನಲ್ಲಿ ಸಾಯುವ ಅಪಾಯ ಒಂದು ವರ್ಷದೊಳಗಿನ ಶಿಶುಗಳಲ್ಲಿ ಶೇ. 71ರಷ್ಟು, 1ರಿಂದ 4 ವರ್ಷದ ಮಕ್ಕಳಲ್ಲಿ ಶೇ. 54ರಷ್ಟು ತಗ್ಗುತ್ತದೆ.

ಇತಿಹಾಸ

1930ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಆಸನಗಳ ಉದ್ದೇಶ ಸುರಕ್ಷತೆಯಾಗಿರಲಿಲ್ಲ. ಮಗು ಕಾರಿನೊಳಗೆ ಓಡಾಡದಂತೆ ಕೂರಿಸುವುದು, ಕಿಟಕಿಯಾಚೆ ಕಾಣುವಷ್ಟು ಎತ್ತರಿಸುವುದು ಅವುಗಳ ಕೆಲಸವಾಗಿತ್ತು. ಅಪಘಾತವನ್ನು ಗಮನದಲ್ಲಿಟ್ಟು ಮಾಡಿದ ಆಸನಗಳು 1960ರ ದಶಕದ ಆರಂಭದವು. ಬ್ರಿಟನ್ನಿನ ಜೀನ್ ಏಮ್ಸ್ ಹಿಂದಕ್ಕೆ ಮುಖ ಮಾಡಿದ ಆಸನವನ್ನೂ, ಅಮೆರಿಕದ ಲೆನರ್ಡ್ ರಿವ್ಕಿನ್ ಲೋಹದ ಚೌಕಟ್ಟಿನ ಮುಮ್ಮುಖ ಆಸನವನ್ನೂ ರೂಪಿಸಿದರು.

ಈ ಕ್ಷೇತ್ರದ ದಿಕ್ಕನ್ನು ನಿಜವಾಗಿ ಬದಲಿಸಿದವರು ಸ್ವೀಡನ್ನಿನ ವೈದ್ಯ, ಸಂಶೋಧಕ ಬರ್ಟಿಲ್ ಆಲ್ಡ್‌ಮನ್ ಎನ್ನಬಹುದು. ಅಮೆರಿಕದ ಜೆಮಿನಿ ಗಗನನೌಕೆಯಲ್ಲಿ ಯಾನಿಗಳು ಬೆನ್ನಿನ ಉದ್ದಕ್ಕೂ ಒತ್ತಡ ಹಂಚಿಹೋಗುವಂತೆ ಮಲಗುವ ಆಸನಗಳೇ ಅವರಿಗೆ ಪ್ರೇರಣೆ. 1964ರಲ್ಲಿ ಅವರ ಹಿಮ್ಮುಖ ಆಸನದ ಮಾದರಿಯನ್ನು ವೋಲ್ವೊ ಕಾರಿನಲ್ಲಿ ಪರೀಕ್ಷಿಸಲಾಯಿತು. 1972ರಲ್ಲಿ ಅದೇ ಕಂಪನಿ ಹಿಮ್ಮುಖ ಆಸನವನ್ನು ಮಾರುಕಟ್ಟೆಗೆ ತಂದಿತು. ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಬಂದದ್ದು ಆ ದಶಕದ ಕೊನೆಯ ಭಾಗದಲ್ಲಿ. ಕಾನೂನು ಬಂದದ್ದು ಇನ್ನೂ ನಿಧಾನವಾಗಿ. ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿದ ಅಮೆರಿಕದ ಮೊದಲ ರಾಜ್ಯ ಟೆನೆಸಿ. ಅಲ್ಲಿನ ಕಾನೂನು 1978ರಲ್ಲಿ ಜಾರಿಗೆ ಬಂತು. ಅದರ ಹಿಂದೆ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರ ದುಡಿಮೆಯಿತ್ತು. 1985ರ ಹೊತ್ತಿಗೆ ಉಳಿದ ರಾಜ್ಯಗಳೂ ಅದೇ ಹಾದಿ ಹಿಡಿದವು.

ಹಿಮ್ಮುಖವೇ ಏಕೆ

ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಕಾಲುಭಾಗ. ಕುತ್ತಿಗೆಯ ಸ್ನಾಯುಗಳು ಎಳೆಯವು. ಅದಕ್ಕಿಂತ ಮುಖ್ಯವಾದದ್ದು ಕಶೇರುಮಣಿಗಳ ಸ್ಥಿತಿ. ಆಗ ಸಾಮಾನ್ಯವಾಗಿ ಪ್ರತಿ ಮಣಿಯೂ ಮೃದ್ವಸ್ಥಿಯಿಂದ ಬೆಸೆದ ಮೂರು ಮೂಳೆ ತುಂಡುಗಳಾಗಿರುತ್ತದೆ. ಅವು ಕೂಡಿ ಒಂದೇ ಗಟ್ಟಿ ಮೂಳೆಯಾಗುವುದು ಬಹುಮಟ್ಟಿಗೆ 3ರಿಂದ 6 ವರ್ಷಗಳ ನಡುವೆ. ಮುಮ್ಮುಖವಾಗಿ ಕೂತ ಮಗುವಿನ ಎದೆಯನ್ನು ಪಟ್ಟಿಗಳು ಹಿಡಿದಿಡುತ್ತವೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಆ ಎಳೆತವೆಲ್ಲ ಕುತ್ತಿಗೆಯ ಮೇಲೆ ಬಿದ್ದು ಬೆನ್ನುಹುರಿಗೆ ಪೆಟ್ಟಾಗಬಹುದು. ಹಿಮ್ಮುಖವಾಗಿ ಕೂತಾಗ ತಲೆ, ಕುತ್ತಿಗೆ, ಬೆನ್ನು ಒಟ್ಟಾಗಿ ಆಸನದ ಬೆನ್ನೊರಗಿಗೆ ಒತ್ತಿಕೊಳ್ಳುವುದರಿಂದ ಬಲ ಹಂಚಿಹೋಗುತ್ತದೆ.

ಯುರೋಪಿನ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖ ಆಸನವನ್ನು ಕಡ್ಡಾಯ ಮಾಡುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಗಡಿಯನ್ನೇ ಕೈಬಿಟ್ಟು, ಆಸನದ ಎತ್ತರ ತೂಕಗಳ ಮಿತಿ ಮುಗಿಯುವವರೆಗೂ ಹೀಗೇ ಕೂರಿಸಿ ಎಂದಿತು. ಸ್ವೀಡನ್ನಿನಲ್ಲಿ 4 ವರ್ಷದವರೆಗೂ ಇದು ರೂಢಿ. ಕಾಲು ಮಡಚಿಕೊಂಡಿರುತ್ತದಲ್ಲ ಎಂಬ ತಂದೆತಾಯಿಯರ ಚಿಂತೆ ಸಹಜವೇ. ಆದರೆ ಮಕ್ಕಳಿಗೆ ಆ ಭಂಗಿ ಕಷ್ಟವಾಗುವುದು ಅಪರೂಪ, ಕುತ್ತಿಗೆಯ ಗಾಯದ ಮುಂದೆ ಅದು ಲೆಕ್ಕಕ್ಕೂ ಬಾರದು.

ವಿಧಗಳು

ಶಿಶುಗಳಿಗೆ ಹಿಡಿಕೆಯುಳ್ಳ ಹಿಮ್ಮುಖ ಆಸನ. ಆಮೇಲೆ ಎರಡೂ ದಿಕ್ಕಿಗೆ ಹೊಂದಿಸಬಹುದಾದ ಕನ್ವರ್ಟಿಬಲ್. ಇವೆರಡರಲ್ಲೂ ಭುಜ, ಸೊಂಟ, ಕವಲುಗಳನ್ನು ಹಿಡಿಯುವ ಪಟ್ಟಿಗಳಿರುತ್ತವೆ. ಕೊನೆಗೆ ಬೂಸ್ಟರ್. ಕಾರಿನ ಬೆಲ್ಟ್ ಭುಜದ ನಡುವೆಯೂ ತೊಡೆಯ ಬುಡದಲ್ಲೂ ಹಾಯುವವರೆಗೆ, ಎಂದರೆ ಮಗು ಸುಮಾರು 145 ಸೆಂ.ಮೀ. ಬೆಳೆಯುವವರೆಗೆ ಅದು ಬೇಕು. ಆತುರದಿಂದ ಮುಂದಿನ ಹಂತಕ್ಕೆ ಹೋದರೆ ಲಾಭವಿಲ್ಲ, ಪ್ರತಿ ಹಂತದಲ್ಲೂ ರಕ್ಷಣೆ ಸ್ವಲ್ಪ ಕಡಿಮೆಯಾಗುತ್ತದೆ.

ಜೋಡಣೆ

ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈಯಾಡಿಸಿದರೆ ಎರಡು ಉಕ್ಕಿನ ಕೊಂಡಿಗಳು ಸಿಗುತ್ತವೆ. ಅವೇ ಐಸೋಫಿಕ್ಸ್. ಆಸನದ ಕೊಕ್ಕೆಗಳು ಅವುಗಳಲ್ಲಿ ಟಕ್ಕೆಂದು ಕೂತಾಗ ಹೆಚ್ಚಿನ ಮಾದರಿಗಳಲ್ಲಿ ಹಸಿರು ಗುರುತು ಕಾಣುತ್ತದೆ. ಕೊಂಡಿ ಇಲ್ಲದ ಕಾರಿನಲ್ಲಿ ಬೆಲ್ಟಿನಿಂದಲೇ ಬಿಗಿಯಬೇಕು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಆಸನ 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಆ ಪಟ್ಟಿ ಹೊರಡುವ ಜಾಗ ಹಿಮ್ಮುಖ ಆಸನದಲ್ಲಿ ಭುಜದ ಮಟ್ಟದಲ್ಲೋ ಕೆಳಗೋ, ಮುಮ್ಮುಖದಲ್ಲಿ ಭುಜದ ಮಟ್ಟದಲ್ಲೋ ಮೇಲೋ ಇರಬೇಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನವನ್ನು ಎಂದೂ ಇಡಬಾರದು. ಉಬ್ಬುವ ಚೀಲ ನೇರವಾಗಿ ಮಗುವಿನ ತಲೆಯ ಹಿಂಬದಿಗೆ ಅಪ್ಪಳಿಸುತ್ತದೆ. ಅಪಘಾತ ಕಂಡ, ಅಥವಾ ಚರಿತ್ರೆ ತಿಳಿಯದ ಹಳೆಯ ಆಸನವನ್ನು ಉಡುಗೊರೆಯಾಗಿ ಕೊಟ್ಟರೂ ಬಳಸಬಾರದು.

ಹಾಯಾಗಿರುವುದು

ನವಜಾತ ಶಿಶು ತೀರ ನೆಟ್ಟಗೆ ಕೂತರೆ ಗಲ್ಲ ಎದೆಗೆ ತಾಗಿ ಉಸಿರಾಟಕ್ಕೆ ತೊಂದರೆಯಾಗಬಹುದು. ಅದಕ್ಕೇ ಸುಮಾರು 45 ಡಿಗ್ರಿಯ ಒರಗು. ದೂರದ ಪ್ರಯಾಣದಲ್ಲಿ ಆಗಾಗ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳಬೇಕು. ಮನೆಗೆ ಬಂದ ಮೇಲೂ ಅದೇ ಆಸನದಲ್ಲಿ ಮಲಗಿಸಿಡಬಾರದು. ದಪ್ಪ ಸ್ವೆಟರ್, ಹೊದಿಕೆ ಪಟ್ಟಿಗಳ ಒಳಗೆ ಬೇಡ. ಪಟ್ಟಿ ಹಾಕಿದ ಮೇಲೆ ಹೊದಿಸಬೇಕು. ರಾಯಚೂರು, ಕಲಬುರಗಿಯಂಥ ಕಡೆ ಬೇಸಿಗೆಯಲ್ಲಿ ಗಾಳಿಯಾಡುವ ಬಟ್ಟೆಯ ಆಸನವೇ ಮೇಲು. ಕೂರಿಸುವ ಮುನ್ನ ಬಕಲ್ಲಿನ ಲೋಹವನ್ನು ಮುಟ್ಟಿ ನೋಡಬೇಕು.

ಭಾರತದಲ್ಲಿ

ಇಲ್ಲಿನ ಎಐಎಸ್ 072 ಮಾನದಂಡ ಯುರೋಪಿನ ಹಳೆಯ ಆರ್44 ನಿಯಮವನ್ನು ಆಧರಿಸಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಕಲಮಿನಂತೆ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. 2023ರ ಅಕ್ಟೋಬರಿನಲ್ಲಿ ಜಾರಿಯಾದ ಭಾರತ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗೇ 49 ಅಂಕಗಳಿವೆ. ಅದಕ್ಕೆ 18 ತಿಂಗಳ ಮತ್ತು 3 ವರ್ಷದ ಮಕ್ಕಳನ್ನು ಹೋಲುವ ಡಮ್ಮಿಗಳನ್ನು ಬಳಸುತ್ತಾರೆ. ಕಾರು ಕೊಳ್ಳುವವರು ಈ ಅಂಕವನ್ನೂ ಕೇಳಿ ತಿಳಿಯಬೇಕು. ಬಾಡಿಗೆ ಟ್ಯಾಕ್ಸಿಗಳಲ್ಲಿ ಮಕ್ಕಳ ಆಸನ ಸಾಮಾನ್ಯವಾಗಿ ಸಿಗದು, ಮನೆಯಿಂದಲೇ ಒಯ್ಯಬೇಕು.

ಆಸನ ಕೊಳ್ಳಲು ಹೊರಟಾಗ ಮಗುವನ್ನು ಕರೆದುಕೊಂಡು ಸ್ವಂತ ಕಾರಿನಲ್ಲೇ ಹೋಗಿ, ಜೋಡಿಸಿ, ಕೂರಿಸಿ ನೋಡಬೇಕು. ಹೊಂದದ ಆಸನ ಎಷ್ಟೇ ದುಬಾರಿಯಾದರೂ ಬೇಡ. ಹೊಂದುವ ಆಸನ ಸಿಕ್ಕ ಮೇಲೆ, ಪಕ್ಕದ ಬೀದಿಗೆ ಹೋಗುವಾಗಲೂ ಮಗು ಅದರಲ್ಲೇ ಕೂರಬೇಕು.