ಈ ಪೋಸ್ ಯಾರಿಗಾಗಿ? ರಾಣೆಬೆನ್ನೂರಿನ ಒಂದು ಮೆಸೇಜಿನಿಂದ ಶುರುವಾದ ಇತಿಹಾಸ

ಇವತ್ತು ಹೆಡ್‌ಫೋನ್ ಹಾಕ್ಕೊಂಡೇ ಕೇಳಿ, ವಿಷಯ ಸ್ವಲ್ಪ ಖಾಸಗಿ.

ಹೋದ ತಿಂಗಳು ರಾಣೆಬೆನ್ನೂರಿನಿಂದ ನನ್ನ ಸೋದರಮಾವನ ಮಗಳ ಮೆಸೇಜ್ ಬಂತು. "ಅಕ್ಕಾ, ಮದುವಿಗೆ ಮುಂಚೆ ಬುಡ್ವಾರ್ ಫೋಟೋಶೂಟ್ ಮಾಡಿಸಬೇಕಂತೀನಿ. ಹೆಂಗ ನಿಂದ್ರಬೇಕು, ಕೈ ಎಲ್ಲಿ ಇಡಬೇಕು, ಒಂದೂ ತಿಳೀವಲ್ದು. ನೀ ಹಿಸ್ಟರಿ ಓದಿದಾಕಿ, ಹೇಳು."

ಮೊದಲು ನಕ್ಕೆ. ಆಮೇಲೆ ಹುಡುಕೋಕೆ ಕೂತೆ.

ಬುಡ್ವಾರ್ ಅನ್ನೋದು ಫ್ರೆಂಚ್ ಪದ. ಮನೆಯೊಳಗೆ ಹೆಣ್ಣುಮಗಳ ಸ್ವಂತ ಕೋಣೆ ಅಂತ ಅರ್ಥ. ಅದರ ಮೂಲ 'ಮುನಿಸಿಕೊಳ್ಳು' ಅನ್ನೋ ಕ್ರಿಯಾಪದ. ರಾಮಾಯಣದಲ್ಲಿ ಕೈಕೇಯಿ ಹೋಗಿ ಮಲಗಿದ ಕ್ರೋಧಾಗಾರ ನೆನಪಾಯ್ತಾ? ಹೆಚ್ಚುಕಡಿಮೆ ಅದೇ. ಬುಡ್ವಾರ್ ಫೋಟೋ ಅಂದ್ರೆ ಆ ಕೋಣೆಯೊಳಗೆ, ಕಡಿಮೆ ಉಡುಪಿನಲ್ಲೋ ಮನೆಯ ಸೀರೆಯಲ್ಲೋ, ತನಗಾಗಿ ತೆಗೆಸಿಕೊಳ್ಳುವ ಚಿತ್ರ.

ಇನ್ನು ಪೋಸ್. ಇದಕ್ಕೆ ಪಾಠ ರಾಣೆಬೆನ್ನೂರಿನ ಪಕ್ಕದಲ್ಲೇ ಇದೆ. ತುಂಗಭದ್ರೆ ದಾಟಿದರೆ ಕುರುವತ್ತಿ. ಅಲ್ಲಿನ ಮಲ್ಲಿಕಾರ್ಜುನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿನ ಮದನಿಕೆಯರು 1117ರ ಬೇಲೂರಿಗಿಂತ ಹಳಬರು. ಬೇಲೂರಿನ ದರ್ಪಣಸುಂದರಿ ಎಲ್ಲರಿಗೂ ಗೊತ್ತು, ನಮ್ಮ ಕುರುವತ್ತಿಯವರನ್ನ ನೋಡಿದವರು ಕಡಿಮೆ.

ಶಿಲ್ಪಿಗಳು ಇಂಥ ನಿಲುವಿಗೆ ತ್ರಿಭಂಗ ಅಂತಾರೆ. ಕುತ್ತಿಗೆ, ಸೊಂಟ, ಮೊಣಕಾಲು, ಮೂರು ಕಡೆ ಬಾಗು. ಭಾರ ಪೂರ್ತಿ ಒಂದೇ ಕಾಲಿನ ಮೇಲೆ. ಆಗ ಸೊಂಟ ಒಂದು ಕಡೆ ಸರಿಯುತ್ತೆ, ಭುಜ ಇನ್ನೊಂದು ಕಡೆ. ತೋಳು ಮೈಗೆ ಅಂಟಿರಲ್ಲ, ನಡುವೆ ಜಾಗ ಇರುತ್ತೆ. ಕೈಗೂ ಏನಾದ್ರೂ ಕೆಲಸ ಇರುತ್ತೆ: ಕನ್ನಡಿಯೋ, ಗಿಳಿಯೋ, ಜಡೆಯೋ. ಇವತ್ತಿನ ಫೋಟೋಗ್ರಾಫರ್ ಹೇಳೋದೂ ಇಷ್ಟೇ. ಜೊತೆಗೆ, ಕಿಟಕಿ ಬೆಳಕು ಒಂದು ಪಕ್ಕದಿಂದ ಬರಲಿ, ಗದ್ದ ಸ್ವಲ್ಪ ಮುಂದೆ ತಂದು ಕೆಳಗಿಳಿಸು, ಉಸಿರು ಬಿಡು, ಬೆರಳು ಸಡಿಲ ಬಿಡು.

ಹಾಗಾದ್ರೆ ನಮ್ಮ ಹಳೇ ಫೋಟೋಗಳಲ್ಲಿ ಎಲ್ಲರೂ ಕಂಬದ ಹಾಗೆ ಯಾಕೆ ನಿಂತಿದ್ದಾರೆ? 1839ರಲ್ಲಿ ಫೋಟೋಗ್ರಫಿ ಲೋಕಕ್ಕೆ ಪ್ರಕಟವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡ್ತಿದ್ರು. ಕುರ್ಚಿ ಮೇಲೆ ಕೈ ಇಡೋದು ಅಂದಕ್ಕಷ್ಟೇ ಅಲ್ಲ, ಕೈ ನಡುಗದಿರಲಿ ಅಂತಲೂ. ಕ್ಯಾಮೆರಾ ಚುರುಕಾಯ್ತು, ಕುರ್ಚಿ ಮಾತ್ರ ಉಳೀತು.

ನನ್ನ ಅಜ್ಜಿಯದೂ ಅಂಥದ್ದೇ ಒಂದು ಫೋಟೋ. ತವರು ಬ್ಯಾಡಗಿ. ವರನ ಕಡೆಯವರಿಗೆ ತೋರಿಸೋಕೆ ಹಾವೇರಿಯ ಸ್ಟುಡಿಯೋಕ್ಕೆ ಕರಕೊಂಡು ಹೋಗಿದ್ರಂತೆ. ಹಿಂದೆ ಬಣ್ಣದ ಪರದೆ, ಕುರ್ಚಿ ಮೇಲೆ ಕೈ. "ಅಲ್ಲಾಡಬ್ಯಾಡ ಅಂದ್ರು, ಉಸಿರೂ ಬಿಡಲಿಲ್ಲ ನಾ" ಅಂತಾಳೆ. ತೆಗೆದದ್ದು ಒಂದೇ ಪ್ರತಿ, ಅದು ನೇರ ವರನ ಮನೆಗೆ ಹೋಯ್ತು. ತನ್ನ ಫೋಟೋನ ಅಜ್ಜಿ ಮೊದಲ ಸಲ ನೋಡಿದ್ದು ಅತ್ತೆ ತೀರಿಕೊಂಡ ಮೇಲೆ, ಅವರ ಟ್ರಂಕಿನ ತಳದಲ್ಲಿ. ಆಗ ಆಕೆಗೆ ಮೊಮ್ಮಕ್ಕಳಿದ್ದರು.

ಇದನ್ನ ಕೇಳಿದ ಮೇಲೆ ನನ್ನ ಪ್ರಶ್ನೆ ಬದಲಾಯ್ತು. ಪೋಸ್ ಹೆಂಗ ಅನ್ನೋದಕ್ಕಿಂತ ಅದನ್ನ ಯಾರು ನಿರ್ಧರಿಸ್ತಾರೆ, ಚಿತ್ರ ಯಾರ ಕೈಲಿರುತ್ತೆ?

ಇದಕ್ಕೆ ಹಿಂದೆಯೇ ಉತ್ತರ ಕಂಡುಕೊಂಡವರಿದ್ದಾರೆ. ಇಟಲಿಯ ಕೌಂಟೆಸ್ ಕಾಸ್ತಿಗ್ಲಿಯೋನೆ 1856ರಿಂದ ಪ್ಯಾರಿಸ್ಸಿನ ಪಿಯೆರ್ಸನ್ ಸ್ಟುಡಿಯೋದಲ್ಲಿ 400ಕ್ಕೂ ಹೆಚ್ಚು ಫೋಟೋ ತೆಗೆಸಿಕೊಂಡಳು. ಉಡುಪು, ನಿಲುವು, ಕೋನ ಎಲ್ಲ ಅವಳದೇ ಆಯ್ಕೆ. ಬರಿಗಾಲಿನ ಚಿತ್ರವನ್ನೂ ತೆಗೆಸಿದಳು, ಆ ಕಾಲಕ್ಕೆ ಅದು ದೊಡ್ಡ ಮಾತು. ಇತ್ತ 1892ರಲ್ಲಿ ಲಾಲಾ ದೀನ್ ದಯಾಳ್ ಹೈದರಾಬಾದಿನಲ್ಲಿ ಹೆಂಗಸರಿಗಂತಲೇ ಜನಾನಾ ಸ್ಟುಡಿಯೋ ತೆರೆದರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ಆ ಸಂಸ್ಥಾನಕ್ಕೇ ಸೇರಿದ್ದವು. ಸುತ್ತ ಎತ್ತರದ ಗೋಡೆ, ಕ್ಯಾಮೆರಾ ಹಿಂದೆ ಒಬ್ಬ ಇಂಗ್ಲಿಷ್ ಮಹಿಳೆ, ಒಳಗೆ ಗಂಡಸರಿಗೆ ಪ್ರವೇಶ ಇಲ್ಲ.

ಆ ಗೋಡೆ ಇವತ್ತು ಫೋನಿನೊಳಗೆ ಬೇಕು. ಅದಕ್ಕೇ ತಂಗಿಗೆ ತ್ರಿಭಂಗದ ಜೊತೆ ಇನ್ನಷ್ಟು ಬರೆದು ಕಳಿಸಿದೆ. ಕೋಣೆಯಲ್ಲಿ ಯಾರ್ಯಾರು ಇರ್ತಾರೆ ಅಂತ ಮೊದಲೇ ಕೇಳು. ನಂಬಿಕೆಯ ಗೆಳತಿಯೊಬ್ಬಳು ಜೊತೆಗಿರಲಿ. ಮೆಮೊರಿ ಕಾರ್ಡ್, ಬ್ಯಾಕಪ್ ಯಾರ ಹತ್ರ, ಯಾವತ್ತು ಅಳಿಸ್ತಾರೆ, ಇನ್‌ಸ್ಟಾಗ್ರಾಮಿಗೆ ಹಾಕಲ್ಲ ಅನ್ನೋದು, ಎಲ್ಲ ಬರವಣಿಗೆಯಲ್ಲಿರಲಿ. ಇಷ್ಟವಿಲ್ಲದ ಪೋಸ್‌ಗೆ ನಡುವೆಯೇ 'ಬ್ಯಾಡ' ಅನ್ನು. ಕಾನೂನೂ ಇದೆ. 2013ರಲ್ಲಿ ದಂಡಸಂಹಿತೆಗೆ ಸೇರಿದ 354ಸಿ, ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ. ಖಾಸಗಿ ಚಿತ್ರ ತೆಗೆಯೋಕೆ ಹೆಣ್ಣುಮಗಳು ಒಪ್ಪಿದ್ದರೂ, ಹಂಚೋಕೆ ಒಪ್ಪದಿದ್ದರೆ ಹಂಚಿದ್ದು ಅಪರಾಧ.

ಅವಳು ಮಾಡಿಸಿಕೊಂಡಳು. ಮೊದಲ ಅರ್ಧ ಗಂಟೆ ಮೈಯೆಲ್ಲ ಬಿಗಿಯಾಗಿತ್ತಂತೆ, ಆಮೇಲೆ ಜಡೆ ಬಿಚ್ಚಿ ಕೈಗೆ ಕೊಟ್ಟ ಮೇಲೆ ಸರಿಹೋಯ್ತಂತೆ. ಪೆನ್‌ಡ್ರೈವ್ ಅವಳ ಅಲಮಾರಿಯಲ್ಲಿದೆ. ನನಗೂ ತೋರಿಸಿಲ್ಲ, ನಾನೂ ಕೇಳಿಲ್ಲ.

ಅಜ್ಜಿಗೆ ಮಾತ್ರ ಒಂದು ತೋರಿಸಿದಳು: ಕಿಟಕಿ ಪಕ್ಕ, ಸೀರೆಯಲ್ಲಿ, ಬೆನ್ನು ತಿರುಗಿಸಿ ನಿಂತದ್ದು. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಚಂದ ಐತಿ" ಅಂದು ಫೋನ್ ವಾಪಸ್ ಕೊಟ್ಟಳು. ಆಮೇಲೆ ಕೇಳಿದಳು, "ಇದು ನಿನ್ನ ಹತ್ರಾನ ಇರತೈತಿ ಹೌದಿಲ್ಲೋ?"

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಅಜ್ಜಿಯ ಹಳೇ ಫೋಟೋ ಮನೇಲಿದ್ರೆ, ಅದನ್ನ ಯಾರಿಗೆ ಅಂತ ತೆಗೆಸಿದ್ದು, ಒಮ್ಮೆ ಕೇಳಿ ನೋಡಿ.