ರೂಪಾಯಿಗೆ ಗುರುತು ಬರೆದ ವಿದ್ಯಾರ್ಥಿ

2010ರ ತನಕ ನಮ್ಮ ರೂಪಾಯಿಗೆ ಸ್ವಂತ ಚಿಹ್ನೆ ಇರಲಿಲ್ಲ. ಅಂಗಡಿಯ ಬಿಲ್ಲಿನಲ್ಲಿ ‘ರೂ.’ ಎಂದೋ ‘ಆರ್‌ಎಸ್’ ಎಂದೋ ಬರೆದು ಕೆಲಸ ಸಾಗುತ್ತಿತ್ತು. ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಗೆ ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಬಂದವು. ಆ ವರ್ಷದ ಜುಲೈ 15ರಂದು ಆಯ್ಕೆಯಾದದ್ದು ಡಿ. ಉದಯಕುಮಾರ್ ಬರೆದದ್ದು. ಮುಂಬೈ ಐಐಟಿಯಲ್ಲಿ ಅವರು ತಮಿಳು ಅಕ್ಷರ ವಿನ್ಯಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದರು, ‘ಪರಾಶಕ್ತಿ’ ಎಂಬ ತಮಿಳು ಫಾಂಟನ್ನೂ ರೂಪಿಸಿದ್ದರು.

ಚಿಹ್ನೆಯನ್ನು ಹತ್ತಿರದಿಂದ ನೋಡಿ. ದೇವನಾಗರಿಯ ‘ರ’ ಇದೆ. ಬೆನ್ನಿನ ನೆಟ್ಟಗೆರೆ ಕಳೆದುಕೊಂಡ ರೋಮನ್ ‘ಆರ್’ ಕೂಡ ಅದರಲ್ಲೇ ಇದೆ. ನೆತ್ತಿಯ ಮೇಲಿನದು ದೇವನಾಗರಿಯ ಶಿರೋರೇಖೆ, ಅದರ ಕೆಳಗೆ ಇನ್ನೊಂದು ಅಡ್ಡಗೆರೆ. ಎರಡು ಗೆರೆ ಮತ್ತು ನಡುವಿನ ಖಾಲಿ ಜಾಗ ಸೇರಿದರೆ ತ್ರಿವರ್ಣ ಧ್ವಜದ ಸೂಚನೆ. ತಮಿಳು ಲಿಪಿಯಲ್ಲಿ ಮುಳುಗಿದ್ದವರ ಕೈಯಿಂದ ನಾಗರಿಯ ತಲೆಗೆರೆ ಮೂಡಿದ್ದು ಸ್ವಾರಸ್ಯವೇ ಸರಿ!

ಆದರೆ ಕೀಲಿಮಣೆಯಲ್ಲಿ ಅದಕ್ಕೆ ಜಾಗವೆಲ್ಲಿ?

ಘೋಷಣೆಯ ಬೆನ್ನಲ್ಲೇ ದಾರಿ ಹುಡುಕಿದ್ದು ಮಂಗಳೂರಿನ ಫೊರೇಡಿಯನ್ ಸಂಸ್ಥೆ. ಅದರ ಉಚಿತ ಫಾಂಟ್ ಹಾಕಿಕೊಂಡು ‘ಟ್ಯಾಬ್’ ಮೇಲಿನ ಕೀಲಿ ಒತ್ತಿದರೆ ₹ ಬರುತ್ತಿತ್ತು. ಅಕ್ಟೋಬರಿನಲ್ಲಿ ಯುನಿಕೋಡ್ 6.0 ಚಿಹ್ನೆಗೆ ಅಧಿಕೃತ ಸಂಕೇತ ಕೊಟ್ಟಿತು. 2011ರಲ್ಲಿ ಅದು ನಾಣ್ಯಗಳ ಮೇಲೂ ಬಂತು.